ಹತ್ತಿತಾ?

ಎಚ್ ಕ್ರಾಸ್ ದಾಟಿ ಮೇಲೂರಿನ ಹಂಪಿನಲ್ಲಿ
ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.
ಬೆನ್ನಿಗೆ ಗೂಡಿನ ಮೂಟೆ, ಕಿವಿಗೆ ಗಾಳಿ.
ಹಿಂದೆ ಎಕ್ಸೆಲ್ಲಿನಲ್ಲಿ ಬಂದ ಹುಡುಗ
"ಅಣ್ಣಾ, ನಿಮ್ಮ ನಂಬರು ಬಿತ್ತು" ಅಂತ
ಬಿಸಿಲಿಗೆ ಕಾದ ತಗಡನ್ನು ಕೈಗಿಟ್ಟ.
ಇಳಿದು ನೋಡಿದರೆ ಮಡ್ಗಾರ್ಡು ಜರಡಿ,
ಬಾಲದ ದೀಪ ಒಂದೇ ವೈರಿಗೆ
ಅಲುಗುವ ಹಾಲುಹಲ್ಲಿನ ಹಾಗೆ ತೂಗುತ್ತಿತ್ತು.

ಕೆಎ ಸೊನ್ನೆ ಏಳು.
ಜಿಲ್ಲೆ ಒಡೆದು ಶಿಡ್ಲಘಟ್ಟದವರೆಲ್ಲ ನಲವತ್ತಾದೆವು,
ಈ ಆರ್‌ಎಕ್ಸ್ ಮಾತ್ರ ಇನ್ನೂ ಕೋಲಾರದ್ದು.

ಚಿಂತಾಮಣಿ ಗುಜರಿಯವನು ಹಳೆ ಮಡ್ಗಾರ್ಡಿಗೆ
ಹೇಳಿದ ರೇಟು ಕೇಳಿ ಬರಿಗೈಲಿ ಬಂದೆ.
ನಮ್ಮ ಫಿಲೇಚರಿನ ಮೂಲೆಯಲ್ಲಿ
ಅಬ್ಬಾ ಬಿಟ್ಟುಹೋದ ಚರಕದ ಪಟ್ಟಿ ಇತ್ತು,
ಎರಡು ಬೆರಳಗಲ, ಮೂರು ಎಂಎಂ ದಪ್ಪ,
ನಲವತ್ತು ವರ್ಷ ಹಬೆ ಕುಡಿದೂ
ತುಕ್ಕು ಮೇಲಷ್ಟೇ.

ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದೆ.
ಮಗಳ ಲೆಕ್ಕದ ನೋಟ್‌ಬುಕ್ಕಿನ ರಟ್ಟು, ಬೈಸಿಕೊಂಡೆ.
ಚಾಕ್‌ಪೀಸಿನ ಗೀಟು, ಹ್ಯಾಕ್ಸಾ, ಮುರಿದ ಮೂರು ಬ್ಲೇಡು.
ಬಗ್ಗಿಸಲು ವೈಸ್ ಇಲ್ಲ,
ಬಾವಿಕಟ್ಟೆಯ ಚಪ್ಪಡಿ ಬಿರುಕಿಗೆ ಸಿಕ್ಕಿಸಿ
ಸುತ್ತಿಗೆಯಲ್ಲಿ ತಟ್ಟಿದೆ, ತೊಂಬತ್ತು ಡಿಗ್ರಿ ಅಂದುಕೊಂಡು.
ತೊಂಬತ್ತೈದಾಯಿತು. ಇರಲಿ.
ತೂತಿಗೆ ವೆಲ್ಡಿಂಗ್ ಬಾಷಾನ ಡ್ರಿಲ್ಲು,
ಬಾಡಿಗೆ ಒಂದು ಟೀ.

ಕೆಂಪು ಗಾಜಿನ ವಿಷಯದಲ್ಲಿ ಬುದ್ಧಿವಂತಿಕೆ ಮಾಡಿದೆ.
ಉಪ್ಪಿನಕಾಯಿ ಡಬ್ಬದ ಮುಚ್ಚಳ!
ಬ್ಯಾಟರಿಗೆ ಹಚ್ಚಿ ನೋಡಿದ ಹತ್ತೇ ನಿಮಿಷಕ್ಕೆ
ಬಲ್ಬಿನ ಕಾವಿಗೆ ಸೋತು ಜೋತುಬಿತ್ತು,
ಮನೆಯೆಲ್ಲ ಮಾವಿನ ಹುಳಿ ವಾಸನೆ.
ಕೊನೆಗೆ ಯಾವುದೋ ಆಟೋದ್ದು, ಅಂಚು ಮುಕ್ಕಾದದ್ದು,
ಸಿಕ್ಕಿತು. ನಡುಕ ನುಂಗಲಿ ಅಂತ
ಹವಾಯಿ ಚಪ್ಪಲಿ ಕೊರೆದು ನಾಲ್ಕು ವಾಷರು.
ಮೇಲೆ ಎರಡು ಕೈ ಕಪ್ಪು ಬಣ್ಣ.

ಈ ಬಲ್ಬಿಗೆ ಒಂದೇ ಬುರುಡೆಯೊಳಗೆ ಎರಡು ತಂತಿ.
ಒಂದು ಸದಾ ಮಿಣಿಮಿಣಿ, ಇದ್ದೇನೆ ಅನ್ನಲು.
ಇನ್ನೊಂದು ಕಾಲಿಟ್ಟಾಗ ಮಾತ್ರ, ನಿಲ್ಲುತ್ತಿದ್ದೇನೆ ಅನ್ನಲು.
ಇಷ್ಟು ಒದ್ದಾಡಿ ಮಾಡಿದ ಬೆಳಕನ್ನು
ಓಡಿಸುವವನೊಬ್ಬ ನೋಡಲಾರ.
ಬ್ರೇಕು ಒತ್ತಿ ಕತ್ತು ತಿರುಗಿಸಿದೆ,
ಕತ್ತು ತಿರುಗುವಷ್ಟರಲ್ಲಿ ಕಾಲು ಜಾರಿತು.
ಮಗಳು ಟ್ಯೂಷನ್ನಿಗೆ. ಅಮ್ಮಿ ನಮಾಜಿನಲ್ಲಿ.
ಸಂಜೆ ಕಪ್ಪಾಗುತ್ತಿತ್ತು.
"ಹತ್ತಿತಾ?" ಅಂದೆ, ಯಾರಿಗೂ ಅಲ್ಲ.

"ಇಲ್ಲ."

ಕಾಂಪೌಂಡಿನ ಆಚೆಯಿಂದ.
ಲೈನ್‌ಮನ್ ಪಿಳ್ಳಾಂಜಿನಪ್ಪ, ಈಗ ರಿಟೈರು.
ಅಬ್ಬಾನ ಕಾಲದಲ್ಲಿ ನಮ್ಮ ಮೀಟರು ಕೂರಿಸಿದ ಕೈ.
ಹುಳ ಬೇಯಿಸಿದ ನೀರು ಅವರ ಬಾಗಿಲಿಗೆ ಹರಿಯಿತೆಂದು
ಪುರಸಭೆಗೆ ಅರ್ಜಿ ಬರೆದದ್ದೂ ಅದೇ ಕೈ.
ಒಂದೂವರೆ ವರ್ಷ
ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ.

"ಅರ್ತ್ ಸಿಕ್ಕಿಲ್ಲ. ಬಣ್ಣ ಬಳಿದಿದೀಯ, ರಬ್ಬರು ಇಟ್ಟಿದೀಯ,
ಎಲ್ಲಾದರೂ ಒಂದು ಕಡೆ ಮೈಗೆ ಮೈ ತಾಗಬೇಕಲ್ಲಪ್ಪ."

ಉತ್ತರ ಕೊಡಲಿಲ್ಲ.
ಒಂದು ಬೋಲ್ಟಿನ ಕೆಳಗೆ
ಕಾಸಿನಗಲ ಬಣ್ಣ ಕೆರೆದೆ,
ಅಬ್ಬಾನ ಕಬ್ಬಿಣ ಬೆಳ್ಳಗೆ ಕಾಣುವವರೆಗೆ.
ಒತ್ತಿದೆ.
"ಹತ್ತಿತು."
ಬಿಟ್ಟೆ.
"ಆರಿತು."
ಒತ್ತಿದೆ.
"ಹತ್ತಿತು."

ಅವರ ಸುಣ್ಣದ ಗೋಡೆ, ನಮ್ಮ ಚರಂಡಿ,
ಎರಡೂ ಕೆಂಪಾಗಿದ್ದಿರಬೇಕು,
ನಾನು ಮುಂದೆ ನೋಡಿಕೊಂಡೇ ಕೂತಿದ್ದೆ.
ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚೇ ಒತ್ತಿದೆನೇನೋ.
ಅವರೂ ನಾಲ್ಕು ಸಲ ಹೆಚ್ಚೇ ಹೇಳಿದರು.

ಆಮೇಲೆ ಕೆಮ್ಮಿ,
"ನಂಬರು ಆಕಾಶ ನೋಡ್ತಿದೆ ಇಮ್ದಾದು" ಅಂದರು.
ಆ ಐದು ಡಿಗ್ರಿ. ನನಗೆ ಗೊತ್ತಿತ್ತು.
ಸುತ್ತಿಗೆ ಎತ್ತಿಕೊಂಡೆ.
"ಇರು ಇರು, ಬಲ್ಬು ಒಡೆದೀಯ," ಅಂದರು,
"ಗೇಟು ತೆಗೆ, ಬರ್ತೀನಿ."